ಬಾಣಂತಿ ಕೋಣೆಯ ಕಿಟಕಿಗೆ ನಿಂತ ನುಗ್ಗೆ

ನಾನು ಒಂದು ನುಗ್ಗೆ ಮರ. ಬೀಜದಿಂದ ಹುಟ್ಟಿದ್ದಲ್ಲ, ಇಳಕಲ್ಲಿನ ನೇಕಾರರ ಓಣಿಯಲ್ಲಿ ಮಾಳವ್ವ ಬೇಲಿಗೆಂದು ಹಿತ್ತಲಲ್ಲಿ ನೆಟ್ಟ ಗೂಟವೇ ಚಿಗುರಿ ನಾನಾದೆ. ಜನ ಒಬ್ಬರನ್ನೊಬ್ಬರು ಹೊಗಳಿ ಹತ್ತಿಸುವುದು ನನ್ನ ಮೇಲೆಯೇ. ಆದರೆ ನನ್ನನ್ನು ಹೊಗಳಿದವರನ್ನು ನಾನು ಕಂಡಿಲ್ಲ.

ಹೊಗಳಬೇಕಾದ್ದು ನನ್ನ ಎಲೆಯೊಳಗಿದೆ. ಅಲ್ಲಿ ಕಿಣ್ವಗಳೆಂಬ, ಕಣ್ಣಿಗೆ ಕಾಣದ ಕೆಲಸಗಾರರಿದ್ದಾರೆ. ಒಂದು ಕಿಣ್ವ ಸಣ್ಣ ತುಂಡುಗಳನ್ನು ಜೋಡಿಸಿ ಉದ್ದ ಎಳೆ ಮಾಡುತ್ತದೆ. ಮುಂದಿನವು ಅದರಿಂದ ಜಲಜನಕ ಕಳೆಯುತ್ತವೆ. ಕೊನೆಯದು ಎರಡೂ ತುದಿಗಳನ್ನು ಒಂದೊಂದು ಉಂಗುರವಾಗಿ ಮಡಚುತ್ತದೆ. ಆಗ ಕ್ಯಾರೋಟಿನ್ ಸಿದ್ಧ. ನನಗೆ ಅದು ಬಿಸಿಲಿನ ಉರಿಗೆ ರಕ್ಷೆ. ತಿಂದವರ ಮೈಯಲ್ಲಿ ಎ ಜೀವಸತ್ವವಾಗಿ ಕಣ್ಣು ಕಾಯುತ್ತದೆ.

ಮಾಳವ್ವನ ಸೊಸೆ ಕಸ್ತೂರಿ ಹೆತ್ತು ಮಲಗಿದ್ದು ನನ್ನೆದುರಿನ ಕೋಣೆಯಲ್ಲಿ. ಸೀರೆಯ ಅಂಚಿನ ಎಳೆ ಹಿಡಿಯುವ ಕಣ್ಣು ಅವಳದು. ಈಗ ದೀಪ ಹಚ್ಚುವ ಹೊತ್ತಿಗೆ ತೊಟ್ಟಿಲನ್ನೇ ತಡವಿ ಹುಡುಕುತ್ತಿದ್ದಳು.

"ಅತ್ತಿ, ಒಂದೀಟು ನುಗ್ಗಿ ಸೊಪ್ಪಿನ ಪಲ್ಯ ಕೊಡ್ರಿ."

"ಬಾಣಂತಿಗೆ ಸೊಪ್ಪೇನ? ಕೂಸಿಗೆ ಹೊಟ್ಟಿ ಕೆಡತೈತಿ. ಅನ್ನ, ಮೆಣಸಿನ ಸಾರು ಉಣ್ಣು, ಸಾಕು."

ಮಾಳವ್ವ ಕೆಟ್ಟವಳಲ್ಲ. ತನ್ನ ಚೊಚ್ಚಲ ಕೂಸನ್ನು ಭೇದಿಗೆ ಕಳೆದುಕೊಂಡವಳು. ಆ ಅಂಜಿಕೆಯೇ ಈ ಪಥ್ಯ. ಹಿತ್ತಲ ಗಿಡ ಮದ್ದಲ್ಲವಂತೆ. ಕಿಟಕಿಯಾಚೆ ಎಲೆ ತುಂಬಿಕೊಂಡು ನಿಂತು ನಾನು ಸಂಕಟಪಟ್ಟೆ.

ಒಂದು ಮುಸ್ಸಂಜೆ ಕಸ್ತೂರಿ ಕೂಸನ್ನೆತ್ತಿಕೊಂಡು ಬಚ್ಚಲಿಗೆ ನಡೆದವಳು ಬಿಸಿನೀರಿನ ಕೊಡ ಕಾಣದೆ ಎಡವಿದಳು. ಅವಳ ಕಾಲು ಸುಟ್ಟಿತು. ಕೂಸು ಕೂದಲೆಳೆಯ ಅಂತರದಲ್ಲಿ ಪಾರಾಯಿತು.

"ನುಗ್ಗಿ ಗಿಡದಾಗಿನ ದೆವ್ವ ಬಡದೈತಿ. ಕಡದು ಹಾಕು!" ಎಂದು ಮಾಳವ್ವ ಮಗನಿಗೆ ಕೂಗಿದಳು. ಬೆಳಗಾಗುತ್ತಲೇ ಕೊಡಲಿ ಬಿತ್ತು.

ಸುಟ್ಟ ಕಾಲು ನೋಡಲು ಬಂದ ನರ್ಸ್ ಮೆಹರುನ್ನಿಸಾ ನಡೆದದ್ದನ್ನೆಲ್ಲ ಕೇಳಿ ತಿಳಿದು, ಕಡಿದ ಟೊಂಗೆಗಳ ರಾಶಿ ಕಂಡು ನಿಂತಳು. "ಏನ ಮಾಡೀರಬೇ? ದೆವ್ವ ಅಲ್ಲ, ಇದು ಇರುಳುಗಣ್ಣು. ದವಾಖಾನಿಗೆ ಕರಕೊಂಡ ಬರ್ರಿ. ಮನ್ಯಾಗ ಈ ಸೊಪ್ಪನ್ನ ಎಣ್ಣಿ ಹಾಕಿ ಬೇಯಿಸಿ ಉಣಸ್ರಿ. ಕೂಸಿಗೆ ಏನೂ ಆಗೂದಿಲ್ಲ."

ಮಾಳವ್ವ ರಾಶಿಯ ಮುಂದೆ ಕೂತಳು. ಬಾಡಿದ ಎಲೆಯನ್ನೇ ಆರಿಸಿ ಉಡಿಯಲ್ಲಿ ತುಂಬಿಕೊಂಡಳು. ಒಂದು ಹೊತ್ತಿನ ಪಲ್ಯವಾಯಿತು, ಉಳಿದದ್ದು ಒಣಗಿ ಉದುರಿತು. ಮರುದಿನ ಕೀಳಲು ನನ್ನಲ್ಲಿ ಎಲೆಯೇ ಇರಲಿಲ್ಲ.

ಈಗ ನಾನು ಮೊಳಕಾಲೆತ್ತರದ ಮೋಟು. ಕಸ್ತೂರಿಗೆ ದವಾಖಾನೆಯ ಔಷಧ ಶುರುವಾಗಿದೆ. ನನ್ನ ಬುಡದಲ್ಲೂ ಚಿಗುರೊಡೆದು, ಒಳಗಿನ ಕೆಲಸಗಾರರು ಮತ್ತೆ ಕೆಲಸಕ್ಕೆ ಕೂತಿದ್ದಾರೆ. ಅವರಿಗೆ ಅವಸರ ಹೇಳಿದರೆ ನಡೆಯುವುದಿಲ್ಲ.

ಇವತ್ತು ಹೊತ್ತು ಮುಳುಗಿದ ಮೇಲೆ ಅತ್ತೆ ಸೊಸೆಯನ್ನು ನನ್ನೆದುರು ಕೂರಿಸಿ ಕೇಳಿದಳು: "ಚಿಗುರು ಕಾಣತೈತೇನವ್ವಾ?"

ಕಸ್ತೂರಿ ಬಹಳ ಹೊತ್ತು ನೋಡಿದಳು. "ಹಸರ ಕಾಣಂಗಿಲ್ರಿ ಅತ್ತಿ. ಅಲ್ಲಾಡೂದು ಕಾಣತೈತಿ."

ಮಾಳವ್ವ ನನ್ನ ಬುಡಕ್ಕೆ ಇನ್ನೊಂದು ಚೆಂಬು ನೀರು ಸುರಿದಳು.