ಎಂಜಲು ಕೈ

ಆ ಅಂತರರಾಷ್ಟ್ರೀಯ ಕೂಟದಲ್ಲಿ ಜಾವೆಲಿನ್ ಎಸೆದು ನಾನು ಕಂಚು ಗೆದ್ದೆ. ನೆರೆದೇಶದ ಗುಲ್‌ರುಖ್ ನಾಲ್ಕನೆಯವಳಾದಳು. ಸೋತವಳೇ ಮೊದಲು ನಗುತ್ತಾ ಬಂದು ಕೈ ಚಾಚಿದಳು. ನಾನೋ, ನಮ್ಮಜ್ಜಿ ಕಲ್ಲಮ್ಮ ಕಟ್ಟಿಕೊಟ್ಟಿದ್ದ ಕೊಬ್ಬರಿ ಬೆಲ್ಲ ಮೆಲ್ಲುತ್ತಿದ್ದೆ. ಬೆರಳೆಲ್ಲ ಅಂಟು, ಎಂಜಲು. ಥಟ್ಟನೆ ಕೈ ಹಿಂದಕ್ಕೆಳೆದುಕೊಂಡು, ಬಾಟಲಿ ನೀರಲ್ಲಿ ತೊಳೆದು, ಆಮೇಲೆ ಅವಳನ್ನು ಬಾಚಿ ತಬ್ಬಿಕೊಂಡೆ.

ಊರಿಗೆ ಬರುವಷ್ಟರಲ್ಲಿ ನಾನು ಕೈ ಹಿಂದಕ್ಕೆಳೆದದ್ದು ಮಾತ್ರ ಎಲ್ಲರ ಮೊಬೈಲಿನಲ್ಲಿತ್ತು. ತೊಳೆದದ್ದು, ತಬ್ಬಿದ್ದು ಯಾರೋ ಕತ್ತರಿಸಿ ಬಿಸಾಡಿದ್ದರು. ಶೆಟ್ಟಿಕೆರೆ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಫ್ಲೆಕ್ಸ್: 'ಶತ್ರುವಿನ ಕೈ ಮುಟ್ಟದ ಸಿಂಹಿಣಿ!' ಅದರಲ್ಲಿ ನನ್ನ ಮುಖ ತಟ್ಟೆಯಷ್ಟು, ಮುಖಂಡ ದಯಾನಂದನ ಮುಖ ಮೊರದಷ್ಟು. ಕೆಳಗೆ 'ಈ ಗೆಲುವಿನ ರೂವಾರಿ' ಎಂದು ಅವನ ಹೆಸರು. ನನ್ನ ಜಾವೆಲಿನ್ ನೋಡಿ ಕಾಯಿ ಕೀಳುವ ದೋಟಿಯೇ ಎಂದು ಕೇಳಿದ್ದ ಮಹಾಶಯ ಇವನು. ಮೈಯೆಲ್ಲ ಉರಿಯಿತು.

ಅದೇ ಸಂಜೆ ಗುಲ್‌ರುಖ್‌ಳ ಮೆಸೇಜ್ ಬಂತು. 'ಅವಮಾನ ಮಾಡಿಸಿಕೊಳ್ಳೋಕೆ ಕೈ ಚಾಚಿದೆ ಅಂತ ಇಲ್ಲಿ ಎಲ್ಲರೂ ಉಗಿಯುತ್ತಿದ್ದಾರೆ. ತಂಡದಿಂದ ತೆಗೀತಾರಂತೆ. ನಿಜ ಏನಂತ ನೀನೇ ಹೇಳಬೇಕು, ಜೀವಿತಾ.'

'ನಾಳೆ ನನಗೆ ಮೈಕ್ ಸಿಗುತ್ತೆ, ತಾಳು' ಎಂದು ಬರೆದೆ. ಅವಳ ಆಟಕ್ಕೆ ನನ್ನ ಎಂಜಲು ಕೈ ಅಡ್ಡ ಬರುವುದೆಂದರೇನು?

ಮರುದಿನ ಸನ್ಮಾನ. ದಯಾನಂದ ನನ್ನ ಕೊರಳಿಗೆ ಕೊಬ್ಬರಿ ಹಾರ ಹಾಕಿ, ಕಿವಿಯ ಬಳಿ ಬಗ್ಗಿದ. "ಅವ್ಳ್ ಕೈಯ ಯಾಕ್ ಮುಟ್ಲಿಲ್ಲ ಅಂತ ಜೋರಾಗಿ ಹೇಳವ್ವ. ಲೈವ್ ಹೋಗ್ತೈತೆ."

"ಹೇಳ್ತೀನಿ ಬುಡಿ" ಎಂದು ಮೈಕ್ ಹಿಡಿದೆ. "ನಾನು ಕೊಬ್ಬರಿ ಬೆಲ್ಲ ತಿಂತಿದ್ದೆ ಕಣ್ರೀ. ಎಂಜ್ಲು ಕೈ. ತೊಳ್ಕೊಂಡು ಅವ್ಳನ್ನ ತಬ್ಕೊಂಡೆ. ಗುಲ್‌ರುಖ್ ನನ್ ಗೆಳತಿ. ಇದನ್ನ ಕತ್ತರಿಸ್ದೆ ಕಳ್ಸಿ."

ಮುಂದಿನ ಸಾಲಿನಿಂದ ಅಜ್ಜಿ ಎದ್ದಳು. "ಎಂಜ್ಲು ಕೈಯ ಯಾರಾನ ಕೊಟ್ಟಾರೇನ್ರಪ್ಪಾ? ನನ್ ಮೊಮ್ಮಗ್ಳು ಮಾಡಿದ್ದೇ ಸರಿ!" ಹೆಂಗಸರೆಲ್ಲ ಘೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು.

ದಯಾನಂದನ ಮುಖ ಸಪ್ಪಗಾಯಿತು. ಆದರೂ ಫೋಟೋ ಬೇಕಲ್ಲ! ಹಲ್ಲು ಬಿಡುತ್ತಾ ಕೈ ಚಾಚಿದ. ನಾನು ಅಷ್ಟರಲ್ಲಿ ಹಾರದ ಕೊಬ್ಬರಿ ಗಿಟುಕೊಂದರಿಂದ ಚೂರು ಮುರಿದು ಬಾಯಿಗೆ ಹಾಕಿಕೊಂಡಾಗಿತ್ತು. ಕೈ ಹಿಂದಕ್ಕೆಳೆದುಕೊಂಡು, "ಎಂಜ್ಲು ಕೈ ಸಾರ್" ಎಂದೆ. ಈ ಸಲ ನೀರು ಹುಡುಕಲು ಹೋಗಲಿಲ್ಲ.

ಆ ವಿಡಿಯೋ ಗಡಿ ದಾಟಿತು. ಎರಡು ದಿನ ಬಿಟ್ಟು ಗುಲ್‌ರುಖ್ ಬರೆದಳು: 'ನಾಳೆಯಿಂದ ಶಿಬಿರಕ್ಕೆ ಬಾ ಅಂದರು ಕೋಚ್. ನಿಮ್ಮಜ್ಜಿಗೆ ನನ್ನ ಸಲಾಂ ಹೇಳು. ಅಂದಹಾಗೆ, ಕೈ ಚಾಚಿಕೊಂಡು ನಿಂತೇ ಇದ್ದಾನಲ್ಲ, ಆತ ಯಾರು?'

'ನನ್ನ ಗೆಲುವಿನ ರೂವಾರಿಯಂತೆ' ಎಂದು ಬರೆದೆ. 'ನನಗೂ ಫ್ಲೆಕ್ಸ್ ನೋಡಿದ ಮೇಲೇ ಗೊತ್ತಾಗಿದ್ದು.'