ಮುಖ ನೋಡುವ ಚಟ

ಮೂರನೆಯ ಸಲ ಗಂಟೆ ಒತ್ತಿ, ಸಿಕ್ತಪ್ಪ ಚೀಲವನ್ನು ಎದೆಗವಚಿಕೊಂಡು ತನ್ನ ನಗುವನ್ನು ಸರಿಮಾಡಿಕೊಂಡ. ಬಾಗಿಲು ತೆರೆದ ಕೂಡಲೇ ಚೀಲ ಎತ್ತಿ ಹಿಡಿಯಬೇಕು, ಮಾತು ಆಮೇಲೆ. ಬಾಗಿಲು ಮಾತ್ರ ತೆರೆಯಲಿಲ್ಲ.

ಅವನು ಬಸ್ ನಿಲ್ದಾಣದಲ್ಲಿ ಕಳೆದುಹೋದ ವಸ್ತುಗಳ ಕೌಂಟರಿನ ಗುಮಾಸ್ತ. ಇಪ್ಪತ್ತು ವರ್ಷದಿಂದ ಕಂಡವರಿಗೆಲ್ಲ "ಸಿಕ್ತಪ್ಪಾ, ಸಿಕ್ತು" ಎಂದು ಹೇಳಿ ಹೇಳಿ ಊರಿಗೆಲ್ಲ ಸಿಕ್ತಪ್ಪನೇ ಆಗಿಹೋಗಿದ್ದ, ಸ್ವಂತ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ವಸ್ತುವಿನ ಜೊತೆ ನಂಬರ್ ಸಿಕ್ಕಿದರೆ ಫೋನ್ ಮಾಡಿ ಕರೆಸಬೇಕು, ರಿಜಿಸ್ಟರಿನಲ್ಲಿ ಸಹಿ ಹಾಕಿಸಬೇಕು ಎಂಬುದು ನಿಯಮ. ಸಿಕ್ತಪ್ಪ ಫೋನ್ ಮಾಡುತ್ತಿರಲಿಲ್ಲ. ಮಾಡಿದರೆ ಮುಖ ಅರ್ಧ ಫೋನಿನಲ್ಲೇ ಖರ್ಚಾಗಿಬಿಡುತ್ತದೆ. ಹೋದದ್ದು ಹೋಯಿತು ಎಂದು ಕೈಬಿಟ್ಟವರ ಮನೆ ಹುಡುಕಿಕೊಂಡು ಹೋಗಿ ವಸ್ತು ಮುಂದೆ ಹಿಡಿದಾಗ ಮುಖ ಅರಳುತ್ತದಲ್ಲ, ಅದನ್ನು ನೋಡಿದ ದಿನ ಅವನಿಗೆ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

"ಊರಿಗೆ ಉಪಕಾರ ಮಾಡ್ತೀನಿ ಅಂತ ಎದೆ ಉಬ್ಬಿಸ್ಬೇಡಿ. ಕೆಲವ್ರಿಗೆ ಸಿಗರೇಟು, ನಿಮಗೆ ಮುಖ. ಚಟ ಅಂದ್ರೆ ಚಟಾನೇ" ಎನ್ನುತ್ತಿದ್ದಳು ಹೆಂಡತಿ. ಅಂದವಳೇ, ಇವತ್ತಿನ ಮುಖ ಹೇಗಿತ್ತು ಎಂದು ಕೇಳುತ್ತಲೂ ಇದ್ದಳು.

ಇವತ್ತಿನ ಚೀಲದಲ್ಲಿದ್ದದ್ದು ಓಟದ ಶೂ, ನಿನ್ನೆ ಸಂಜೆಯ ಬಸ್ಸಿನಲ್ಲಿ ಉಳಿದದ್ದು. ಎಡಗಾಲಿನದರ ಅಟ್ಟೆ ಎರಡು ಬೆರಳು ಹೆಚ್ಚು ಎತ್ತರವಿತ್ತು. ಕಾಲು ಗಿಡ್ಡವಿರುವ ಯಾರಿಗೋ ಕೈಯಲ್ಲೇ ಹೊಲಿದು ಕೂಡಿಸಿದ್ದರು. ಒಳಗಿನ ಚೀಟಿಯಲ್ಲಿ ವಿಳಾಸವೂ ಇತ್ತು, ‘ಅಮ್ಮ’ ಎಂದು ಬರೆದ ಫೋನ್ ನಂಬರೂ ಇತ್ತು. ಇಂಥ ಶೂ ಅಂಗಡಿಯಲ್ಲಿ ಸಿಗುವುದಿಲ್ಲ, ಹಾಗಾದರೆ ಮುಖವೂ ಅಂತಿಂಥದ್ದಾಗಿರುವುದಿಲ್ಲ ಎಂದುಕೊಂಡು ಬೆಳಿಗ್ಗೆ ಕೌಂಟರ್ ತೆರೆದವನೇ ಹೊರಟುಬಂದಿದ್ದ.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಕೌಂಟರಿನಲ್ಲಿ ಪಕ್ಕದ ಕುರ್ಚಿಯ ಅಕ್ಕ.

"ಎಲ್ಲಿದ್ದೀಯೋ? ಆ ಶೂ ಹುಡುಗಿ, ಅವಳಮ್ಮ ಇಲ್ಲಿಗೇ ಬಂದಿದ್ರು. ಹನ್ನೊಂದಕ್ಕೆ ಅವಳ ಓಟ ಇದೆಯಂತೆ, ತಂಡಕ್ಕೆ ಆರಿಸೋದು ಇವತ್ತೇ. ನಿನ್ನ ಹೆಸರೆತ್ತದೆ, ಯಾರೋ ನಿಮ್ಮ ಮನೆಗೇ ತಗೊಂಡು ಹೋದ್ರು ಅಂತ ಹೇಳೋವಾಗ ನನಗೆ ನಾಚಿಕೆಯಾಯ್ತು ಕಣೋ. ಬರಿಗಾಲಲ್ಲಾದ್ರೂ ಓಡ್ತೀನಿ ಅಂತ ಮೈದಾನಕ್ಕೆ ಹೋದ್ಲು."

ಗಂಟೆ ಹತ್ತೂ ಇಪ್ಪತ್ತೈದು. ಮೈದಾನ ಊರಿನ ಆ ತುದಿಗೆ. ಸಿಕ್ತಪ್ಪ ಬೀದಿಗೆ ಓಡಿ ಆಟೋ ನಿಲ್ಲಿಸಿದ. ಆದರೆ ಆಟೋ ಹತ್ತಿ ಕೂತು ಉಸಿರು ಬಿಡುವಷ್ಟರಲ್ಲಿ, ಹೇಳಿದರೆ ನಾಚಿಕೆಗೇಡು, ಅವನಿಗೆ ಒಳಗೊಳಗೇ ಖುಷಿಯೂ ಆಯಿತು. ಓಟಕ್ಕೆ ಎರಡು ನಿಮಿಷ ಇರುವಾಗ ಶೂ ಕೈಗೆ ಬಂದರೆ ಆ ಮುಖ ಹೇಗಿರಬೇಡ?

ಸೇತುವೆಯ ಮೇಲೆ ಲಾರಿಯೊಂದು ಅಡ್ಡ ನಿಂತಿತ್ತು. ಆಟೋ ಅಲುಗಲಿಲ್ಲ. ಹತ್ತೂ ನಲವತ್ತು. ಸಿಕ್ತಪ್ಪ ಇಳಿದು ಓಡಿದ. ಐವತ್ತರ ಮಂಡಿ ಲಾರಿಯವರೆಗೂ ಸಾಗಿಸಿ ಕೈಕೊಟ್ಟಿತು. ಪಾರ್ಸೆಲ್ ಹಂಚುವ ಹೆಂಗಸೊಬ್ಬಳು ಲಾರಿಯ ಪಕ್ಕದ ಸಂದಿಯಲ್ಲಿ ಸ್ಕೂಟರ್ ನುಸುಳಿಸುತ್ತಿದ್ದಳು. ಹಿಂದಿನ ಸೀಟಿನ ತುಂಬ ಹಗ್ಗ ಬಿಗಿದ ಡಬ್ಬಗಳು. ಅವನು ಕೈ ಅಡ್ಡ ಹಿಡಿದು ಏದುಸಿರಿನಲ್ಲೇ ಎಲ್ಲ ಹೇಳಿದ.

"ಡಬ್ಬ ಕೊಂಚ ಇಳಿಸಿದ್ರೆ ನಾನೂ ಬರ್ತಿದ್ದೆ ತಂಗಿ."

"ಇಳಿಸಿ, ಕಟ್ಟೋ ಹೊತ್ತಿಗೆ ಓಟ ಮುಗಿದು ಎಲ್ಲಾ ಮನೇಲಿರ್ತಾರೆ. ಚೀಲ ಕೊಡಿ, ಮುಟ್ಟಿಸ್ತೀನಿ."

ಅವನು ಕೊಟ್ಟ. ಆದರೆ ಬೆರಳು ಚೀಲದ ಪಟ್ಟಿಯನ್ನು ಬಿಡಲಿಲ್ಲ. ಅವಳು ಒಮ್ಮೆ ಎಳೆದಳು, ಮತ್ತೆ ಎಳೆದಳು.

"ಸಾರ್, ನೀವು ಬಿಟ್ರೆ ತಾನೆ ಅದು ಹೋಗೋದು?"

ಬಿಟ್ಟ.

ಕೌಂಟರಿಗೆ ಮರಳಿ, ಚೀಲವನ್ನು ಸ್ಕೂಟರಿನವಳಿಗೆ ಕೊಟ್ಟ ಕಥೆ ಹೇಳಿದಾಗ ಅಕ್ಕ ಕುರ್ಚಿಯನ್ನು ಆ ಕಡೆ ತಿರುಗಿಸಿಕೊಂಡಳು. ಚೀಟಿಯಿಂದ ರಿಜಿಸ್ಟರಿಗೆ ಬರೆದಿಟ್ಟಿದ್ದ ನಂಬರಿಗೆ ಈಗ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಸಿಕ್ತಪ್ಪ ಒಂದೇ ಛತ್ರಿಗೆ ಮೂರು ಸಲ ಚೀಟಿ ಕಟ್ಟಿದ.

ಒಂದು ಗಂಟೆಗೆ ಅವರು ಬಂದರು, ಮುಂದೆ ಹುಡುಗಿ, ಹಿಂದೆ ಅಮ್ಮ. ಹುಡುಗಿ ಶೂ ಬಿಚ್ಚಿರಲೇ ಇಲ್ಲ.

"ಸೆಕೆಂಡ್ ಬಂದೆ ಆಂಟಿ. ಇಬ್ಬರನ್ನೇ ತಗೊಳ್ಳೋದು, ನಾನು ಸೆಕೆಂಡ್" ಎಂದು ಅಕ್ಕನ ಕೈ ಹಿಡಿದುಕೊಂಡಳು. "ಬರಿಗಾಲಲ್ಲಿ ಗೆರೆ ಹತ್ರ ನಿಂತಿದ್ದೆ. ಸ್ಕೂಟರ್ ಆಂಟಿ ಒಬ್ರು ಬಂದು ಬೇಲಿ ಮೇಲಿಂದ ಚೀಲ ಎಸೆದ್ರು. ನಾನು ಲೇಸ್ ಕಟ್ಟೋವರೆಗೂ ಸೀಟಿ ಊದೋರ ಜೊತೆ ಜಗಳ ಆಡ್ಕೊಂಡು ನಿಂತಿದ್ರು. ಹೆಸರು ಕೇಳೋಣ ಅಂದ್ರೆ ಹೊರಟೇ ಹೋಗಿದ್ರು. ಅಂಥೋರೂ ಇರ್ತಾರೆ ನೋಡಿ, ಏನೂ ಬೇಡ ಅವ್ರಿಗೆ."

ಸಿಕ್ತಪ್ಪ ಕಣ್ಣು ಮಿಟುಕಿಸದೆ ನೋಡಿದ. ಕೆನ್ನೆಯ ಮೇಲೆ ಬೆವರು ಒಣಗಿ ಉಪ್ಪಾಗಿತ್ತು, ಕಣ್ಣು ಎಲ್ಲೂ ನಿಲ್ಲುತ್ತಿರಲಿಲ್ಲ, ನಗು ಮಾತಿಗೆ ದಾರಿ ಬಿಡುತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಅವನು ಇಂಥ ಮುಖ ನೋಡಿರಲಿಲ್ಲ. ಅದರಲ್ಲಿ ಅವನ ಪಾಲು ಒಂದು ಚೂರೂ ಇರಲಿಲ್ಲ.

"ಅದಿರ್ಲಿ" ಎಂದಳು ಅಮ್ಮ. "ಇಲ್ಲಿಂದ ಶೂ ಎತ್ಕೊಂಡು ಹೋದ ಪುಣ್ಯಾತ್ಮ ಯಾರು? ಒಂದ್ಸಲ ಅವನ ಮುಖ ನೋಡ್ಬೇಕು ನಾನು."

ಅಕ್ಕನಿಗೆ ತಡೆಯಲಾಗಲಿಲ್ಲ. "ಆ ಸ್ಕೂಟರಿಗೆ ಚೀಲ ಕೊಟ್ಟಿದ್ದು..."

ಸಿಕ್ತಪ್ಪ ಜೋರಾಗಿ ಕೆಮ್ಮಿದ. ರಿಜಿಸ್ಟರನ್ನು ಹುಡುಗಿಯ ಕಡೆ ತಿರುಗಿಸಿ ಪೆನ್ನು ಕೊಟ್ಟ. "ಇಲ್ಲೊಂದು ಸಹಿ ಹಾಕಮ್ಮ."

ಅವಳು ಸಹಿ ಹಾಕಿ, ಪಕ್ಕದ ಖಾಲಿ ಜಾಗ ನೋಡಿ ನಿಂತಳು. "ತಲುಪಿಸಿದವರು ಅಂತಿದೆ. ಹೆಸರು ಗೊತ್ತಿಲ್ವಲ್ಲ ಅಂಕಲ್."

"ಸ್ಕೂಟರ್ ಆಂಟಿ ಅಂತ ಬರಿ. ನಡೆಯುತ್ತೆ."

ಹುಡುಗಿ ನಗುತ್ತಲೇ ಬರೆದಳು, ಅಮ್ಮನ ಕೈ ಎಳೆದುಕೊಂಡು ಹೊರಟಳು. ನಿಲ್ದಾಣದ ಕಲ್ಲುಹಾಸಿನ ಮೇಲೆ ಒಂದು ಹೆಜ್ಜೆ ಟಕ್ಕೆಂದರೆ ಇನ್ನೊಂದು ದಪ್ಪೆನ್ನುತ್ತಿತ್ತು. ಬಸ್ಸುಗಳ ಸದ್ದಿನಲ್ಲಿ ಅದು ಕರಗುವವರೆಗೂ ಸಿಕ್ತಪ್ಪ ತೆರೆದ ರಿಜಿಸ್ಟರಿನ ಮೇಲೆ ಕೈಯಿಟ್ಟುಕೊಂಡು ಕೇಳುತ್ತ ಕೂತಿದ್ದ.