ಪೆರ್ಲದಿಂದ ಬಂದ ನೀರು

ಗುಣಪಾಲ ಕಾರಿನಿಂದ ಇಳಿದಾಗ ಅವನ ಕೈಯಲ್ಲಿದ್ದದ್ದು ಬಟ್ಟೆಯ ಚೀಲವಲ್ಲ, ದೊಡ್ಡದೊಂದು ನೀರಿನ ಕ್ಯಾನು. ತೋಡಿನ ಬದಿಯ ಆ ಬಾಡಿಗೆ ಮನೆಯ ಜಗಲಿಯಲ್ಲಿ ಅಣ್ಣನ ದಾರಿ ಕಾಯುತ್ತ ನಿಂತಿದ್ದ ಮನೋರಮಾ ಅದನ್ನು ಕಂಡವಳೇ ಕಂಬ ಹಿಡಿದು ಕುಳಿತುಬಿಟ್ಟಳು. ಪೆರ್ಲ ಎಲ್ಲಿ, ತ್ರಿಕರಿಪುರ ಎಲ್ಲಿ. ಜಿಲ್ಲೆಯ ಆ ತುದಿಯಿಂದ ಈ ತುದಿಗೆ, ಎತ್ತ ತಿರುಗಿದರೂ ನೀರೇ ಕಾಣುವ ಊರಿಗೆ, ಮನುಷ್ಯ ತನ್ನ ಬಾವಿಯ ನೀರು ಹೊತ್ತು ತಂದಿದ್ದ.

"ಅಣ್ಣ, ಬಂದಿಯಾ?" ಎಂದಳು.

"ಬಂದೆ," ಎಂದು ಗುಣಪಾಲ ಕ್ಯಾನನ್ನು ಜಗಲಿಯ ಮೂಲೆಯಲ್ಲಿ, ತಂಗಿಯ ಸೆರಗು ತಾಗದಷ್ಟು ದೂರದಲ್ಲಿ ಇಟ್ಟ.

ಇದಕ್ಕೆಲ್ಲ ಮೂಲ ಒಂದು ಬೀಗದ ಕೈ. ತಾಯಿ ತೀರಿಕೊಂಡ ಮೇಲೆ ಕುಟುಂಬದ ಮನೆಯ ದೈವದ ಕೋಣೆಯ ಬೀಗದ ಕೈ ಗುಣಪಾಲನ ಸೊಂಟದಲ್ಲೇ ಉಳಿಯಿತು. ಇವರದು ಅಳಿಯಕಟ್ಟಿನ ಕುಟುಂಬ. ಮನೆ, ದೈವ, ಹೆಸರು ಎಲ್ಲ ಹೆಣ್ಣಿನ ಸಂತಾನಕ್ಕೆ ಸಲ್ಲುವುದು ಕ್ರಮ. ಹಾಗಾಗಿ ಅದು ತನಗೆ ಬರಬೇಕೆಂದು ಮನೋರಮಾ ಹಟ ಹಿಡಿದಳು. ಹಿರಿಯ ತಾನಿರುವಾಗ ನಿನಗೆ ಯಾಕೆ ಎಂದು ಗುಣಪಾಲನೂ ಹಟ ಹಿಡಿದ. ಮಾತಿಗೆ ಮಾತು ಬೆಳೆದು, ದೈವಕ್ಕೆ ವರ್ಷದ ಸೇವೆಯಾದ ತಂಬಿಲದ ದಿನ ಅದರ ಎದುರೇ, ಬಂದ ನೆಂಟರೆಲ್ಲ ಕೇಳುವ ಹಾಗೆ, "ಇನ್ನು ನಿನ್ನ ಮನೆಯ ನೀರು ಮುಟ್ಟಿದರೆ ನಾನು ಅಮ್ಮನಿಗೆ ಹುಟ್ಟಿದವನಲ್ಲ" ಎಂದು ಅವನು ಆಣೆ ಹಾಕಿದ. ಮನೋರಮಾ ಕೇಳಿಸಿಕೊಂಡು ಸುಮ್ಮನಿರುವ ಪೈಕಿಯೇ? ಅವಳೂ ಒಂದು ಹಾಕಿದಳು. ಆದರೆ ನೆಂಟರ ಬಾಯಲ್ಲಿ ಉಳಿದದ್ದು ಅವನ ಆಣೆ ಮಾತ್ರ. ತನ್ನದು ಎಲ್ಲರಿಗೂ ಮರೆತುಹೋಗಿದೆ ಎಂದು ಅವಳು ನಂಬಿದ್ದಳು. ತಾನೂ ಮರೆಯಲು ನೋಡಿದ್ದಳು.

ಆಗ ಅವಳ ಮಗಳು ತೃಪ್ತಿ ಹೈಸ್ಕೂಲು ಹುಡುಗಿ. ಈಗ ಮಂಗಳೂರಿನ ಬ್ಯಾಂಕಿನಲ್ಲಿ ಕೆಲಸ, ಸುಗ್ಗಿ ಕಳೆದು ಬರುವ ಪಗ್ಗು ತಿಂಗಳಲ್ಲಿ ಮದುವೆ. ಬೀಗದ ಕೈಯನ್ನು ಗುಣಪಾಲ ಮರುವರ್ಷವೇ ಮಗನ ಕೈಯಲ್ಲಿ ಕಳಿಸಿಕೊಟ್ಟಿದ್ದ, ಅದರಿಂದೇನು ಬಂತು? ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಅತ್ತಿಗೆ ತೀರಿಕೊಂಡಾಗ ಮನೋರಮಾ ಪೆರ್ಲಕ್ಕೆ ಹೋಗಿ ಅಂಗಳದಲ್ಲೇ ನಿಂತು ಅತ್ತು, ಗಂಟಲು ಒಣಗಿಸಿಕೊಂಡು ಮಂಜೇಶ್ವರದ ತನ್ನ ಮನೆಗೆ ವಾಪಸಾಗಿದ್ದಳು. ಆಣೆ ಬಿಡಿಸಲು ದೈವದ ಎದುರು ಇಬ್ಬರೂ ಒಟ್ಟಿಗೆ ನಿಲ್ಲಬೇಕು, ಆಡಿದ ಮಾತನ್ನು ಅಲ್ಲೇ ಇನ್ನೊಮ್ಮೆ ಆಡಿ ಹಿಂದೆ ತೆಗೆದುಕೊಳ್ಳಬೇಕು. ಎಷ್ಟು ಸಲ ಹೇಳಿಕಳಿಸಿದರೂ ಗುಣಪಾಲ ಒಪ್ಪಲಿಲ್ಲ. ಅವಳಿಗೆ ಬೇಕಾದದ್ದು ಒಂದೇ. ಮದುಮಗಳ ಕೈಹಿಡಿದು ಮಂಟಪಕ್ಕೆ ತರುವವನು ಸೋದರಮಾವ. ತೃಪ್ತಿಗೆ ಇರುವ ಮಾವ ಇವನೊಬ್ಬನೇ. ಇವನು ಬಾರದಿದ್ದರೆ ಗಂಡಿನ ಕಡೆಯವರ ಎದುರು ಮಗಳ ಕೈ ಯಾರು ಹಿಡಿಯುವುದು?

ದುಬೈಯಿಂದ ರಜೆಯಲ್ಲಿ ಬಂದ ಗುಣಪಾಲನ ಮಗ ತುಷಾರ್, ತೃಪ್ತಿಯ ಜೊತೆ ಸೇರಿ ಹೂಡಿದ ಉಪಾಯ ಈ ಪ್ರವಾಸ.

"ಅತ್ತೆ, ಅದು ನಿಮ್ಮ ಮನೆಯೂ ಅಲ್ಲ, ನಮ್ಮದೂ ಅಲ್ಲ," ಎಂದು ಅವನು ಫೋನಿನಲ್ಲಿ ಹೇಳಿದ್ದ. "ಬಾಡಿಗೆ ಮನೆ. ಎದುರು ತೋಡು, ತೋಡಿನಲ್ಲಿ ದೋಣಿ. ದೋಣಿಯಲ್ಲಿ ಅಳಿವೆ ಹತ್ತಿರ ಹೋದ್ರೆ ಮುಖಕ್ಕೆ ಕನ್ನಡಿ ಕಟ್ಟಿ, ಬಾಯಲ್ಲಿ ಕೊಳವೆ ಕಚ್ಚಿ ಮೀನು ನೋಡ್ಲಿಕ್ಕೆ ಉಂಟು. ಅಪ್ಪ ಮೂರು ದಿನ ಅಲ್ಲಿ ಇದ್ದು ನೀರು ಕುಡಿಯದೆ ಎಂತ ಮಾಡ್ತಾರೆ? ಒಮ್ಮೆ ಕುಡಿದ್ರೆ ಮತ್ತೆ ಎಲ್ಲ ಸಲೀಸು."

ಮಕ್ಕಳು ಚಾಪೆಯ ಕೆಳಗೆ ತೂರಿದರೆ ಗುಣಪಾಲ ರಂಗೋಲಿಯ ಕೆಳಗೆ ತೂರುವವನು. ಬಂದ ಸಂಜೆ ಮನೋರಮಾ ಮಾಡಿದ ಚಹಾವನ್ನು ತುಷಾರ್ ತಂದು ಮುಂದಿಟ್ಟಾಗ ಅವನು ಲೋಟವನ್ನು ನೋಡಿ ಕೇಳಿದ:

"ಈ ಮನೆ ಯಾರ ಹೆಸರಿನಲ್ಲಿ ಬುಕ್ ಮಾಡಿದ್ದು?"

"ತೃಪ್ತಿಯ ಹೆಸರಿನಲ್ಲಿ. ಯಾಕೆ ಅಪ್ಪ?"

"ಹಾಗಾದ್ರೆ ನಾವು ಬೀಗ ಕೊಟ್ಟು ಹೋಗುವ ತನಕ ಇದು ಅವಳ ಮನೆ. ಅಳಿಯಕಟ್ಟಿನಲ್ಲಿ ಮಗಳ ಮನೆ ಅಂದ್ರೆ ಯಾರ ಮನೆ ಮಾರಾಯ? ತಾಯಿಯ ಮನೆ."

ತುಷಾರನ ಮುಖ ಸಪ್ಪಗಾಯಿತು. ತನ್ನ ಹೆಸರಿನಲ್ಲಿ ಬುಕ್ ಮಾಡಿದ್ದರೆ ಮುಗಿದಿತ್ತು. ತೃಪ್ತಿಯ ಕಾರ್ಡಿಗೆ ಸ್ವಲ್ಪ ರಿಯಾಯಿತಿ ಸಿಗುತ್ತದೆಂದು ಇಬ್ಬರೂ ಜಾಣತನ ಮಾಡಿದ್ದರು. ಆ ರಾತ್ರಿ ಎಲ್ಲರೂ ಮೀನುಸಾರು ಉಂಡರೆ ಗುಣಪಾಲ ಪೇಟೆಯಿಂದ ಪರೋಟ ಕಟ್ಟಿಸಿ ತಂದು ಜಗಲಿಯಲ್ಲಿ ಕುಳಿತು ತಿಂದ, ಕ್ಯಾನಿನಿಂದ ಬಗ್ಗಿಸಿಕೊಂಡು ಕುಡಿದ. ಒಳಗೆ ಬಡಿಸುತ್ತಿದ್ದ ಮನೋರಮಾಳಿಗೆ ಒಂದು ತುತ್ತೂ ಇಳಿಯಲಿಲ್ಲ. ಇಷ್ಟು ಹತ್ತಿರ ಬಂದೂ ಇಷ್ಟು ದೂರವೇ ಎಂದು ಅವಳಿಗೆ ಅಳು ಬಂತು, ಸಿಟ್ಟೂ ಬಂತು.

ಮರುದಿನ ತಿಂಡಿ ಮುಗಿಸಿ ದೋಣಿ ಹತ್ತಿದರು. ನಡೆಸುವವನು ಪ್ರವೀಣ್, ಅದೇ ಊರಿನವನು, ಮಾತು ಕಡಿಮೆ. ಗುಣಪಾಲ ಕ್ಯಾನಿನ ನೀರನ್ನು ಒಂದು ಸಣ್ಣ ಕೊಡಪಾನಕ್ಕೆ ಬಗ್ಗಿಸಿ, ಬಾಯಿಗೆ ಬಾಳೆಲೆ ಕಟ್ಟಿ, ಕಾಲ ಬುಡದಲ್ಲಿ ಇಟ್ಟುಕೊಂಡ. ಮನೋರಮಾ ಅಡುಗೆಕೋಣೆಯ ನಳ್ಳಿಯಿಂದ ತಾನೇ ತುಂಬಿಸಿದ ಒಂದು ಬಾಟಲಿ ಚೀಲಕ್ಕೆ ಹಾಕಿಕೊಂಡಳು. ತೋಡು ದಾಟಿ ಹಿನ್ನೀರಿಗೆ ಬಿದ್ದದ್ದೇ ಗಾಳಿ ತಣ್ಣಗೆ ಬೀಸಿತು. ಮಕ್ಕಳು ಫೋಟೊ ತೆಗೆದರು. ಗುಣಪಾಲ ಕೂಡ ಒಂದು ಕಡೆ ಮರಗಳನ್ನು ತೋರಿಸಿ, "ನೋಡು ಮನೂ, ಅಮ್ಮ ನೆಟ್ಟ ತೆಂಗಿನ ಹಾಗೆಯೇ ಬಗ್ಗಿದೆ" ಎಂದ. ಮನೂ ಎಂದು ಅವನು ಕರೆದು ಎಷ್ಟು ಕಾಲವಾಯಿತು. ಅವಳು ಅತ್ತ ತಿರುಗಿ ಕಣ್ಣು ಒರೆಸಿಕೊಂಡಳು.

ಅಳಿವೆಯ ಹತ್ತಿರ, ಬಂಡೆಗಳ ಮರೆಯಲ್ಲಿ, ಪ್ರವೀಣ್ ಲಂಗರು ಬಿಟ್ಟ. ಸುಗ್ಗಿ ತಿಂಗಳಾದ್ದರಿಂದ ನೀರು ತಿಳಿಯಾಗಿತ್ತು. ತೃಪ್ತಿ, ತುಷಾರ್, ಜೊತೆಗೆ ಪ್ರವೀಣ್, ಮೂವರೂ ಕನ್ನಡಿ ಕಟ್ಟಿ ಇಳಿದರು, ಹತ್ತಿದರು, ಮತ್ತೆ ಇಳಿದರು. ನೀರಿನ ಮೇಲೆ ಕಾಣುವುದು ಬಾಯಲ್ಲಿ ಕಚ್ಚಿದ ಕೊಳವೆಯ ತುದಿ ಮಾತ್ರ. ತೃಪ್ತಿಯದ್ದು ಕೆಂಪು ಬಣ್ಣ. ಮನೋರಮಾಳ ಕಣ್ಣು ಅದರ ಹಿಂದೆಯೇ ಓಡಾಡಿತು.

ಹೊತ್ತು ನೆತ್ತಿಗೇರಿತು. ದೋಣಿಗೆ ಮಾಡು ಇರಲಿಲ್ಲ. ಗುಣಪಾಲ ಬೈರಾಸನ್ನು ತಲೆಗೆ ಸುತ್ತಿಕೊಂಡು ಕೊಡಪಾನಕ್ಕೆ ಕೈ ಹಾಕಿದ. ಬಾಳೆಲೆ ಇರಲಿಲ್ಲ, ನೀರೂ ಇರಲಿಲ್ಲ.

"ಅಯ್ಯೋ ಮಾವ," ಎಂದಳು ದೋಣಿಯ ಅಂಚು ಹಿಡಿದು ನೀರಿನಲ್ಲೇ ಇದ್ದ ತೃಪ್ತಿ. "ಉಪ್ಪುನೀರಿಗೆ ಕನ್ನಡಿ ಮಬ್ಬಾಗ್ತದೆ ಅಂತ ಅದರಲ್ಲಿ ತೊಳೆದೆ. ಅಮ್ಮನ ಬಾಟಲಿ ಉಂಟಲ್ಲ." ಹೇಳಿ ಕೊಳವೆ ಕಚ್ಚಿ ಮುಳುಗಿಬಿಟ್ಟಳು. ಬೇಕೆಂದೇ ಮಾಡಿದಳೋ ತಿಳಿಯದೆ ಮಾಡಿದಳೋ, ಅವಳ ದೈವಕ್ಕೇ ಗೊತ್ತು.

ಗುಣಪಾಲ ಬರಿದಾದ ಕೊಡಪಾನವನ್ನು ಕೆಳಗಿಟ್ಟ. ಸ್ವಲ್ಪ ಹೊತ್ತಿನಲ್ಲೇ ಅವನ ಮುಖ ಬೆವರಿ ಬಿಳಿಚಿತು. ಸಕ್ಕರೆ ಕಾಯಿಲೆಯ ಶರೀರ, ಬೆಳಿಗ್ಗೆ ತಿಂದದ್ದೂ ಅಷ್ಟಕ್ಕಷ್ಟೇ. ಹಲಗೆಯ ಮೇಲೆ ಕುಳಿತವನು ಪಕ್ಕಕ್ಕೆ ವಾಲಿದ. ಮನೋರಮಾ ಹೋಗಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮೈ ಬೆಂಕಿಯಾಗಿತ್ತು.

"ಪ್ರವೀಣಾ," ಎಂದು ಕೂಗಿದಳು, "ತುಷಾರಾ." ನೀರೊಳಗೆ ಮುಖ ಹುದುಗಿಸಿದವರಿಗೆ ಏನು ಕೇಳುತ್ತದೆ? ಮೂರೂ ಕೊಳವೆಗಳು ಬಂಡೆಯ ಕಡೆಗೆ ಸರಿಯುತ್ತಿದ್ದವು.

ಅವಳು ಬಾಟಲಿಯ ಮುಚ್ಚಳ ತೆಗೆದಳು. "ಅಣ್ಣ, ಕುಡಿ. ಇದು ದೋಣಿ, ಯಾರ ಮನೆಯೂ ಅಲ್ಲ. ನಿನ್ನ ಆಣೆಗೆ ಎಂತದೂ ಆಗುವುದಿಲ್ಲ."

ಅವನು ಕೈಯಿಂದ ಬಾಟಲಿಯನ್ನು ಸರಿಸಿದ.

"ಈ ಹಟದಲ್ಲೇ ಸಾಯ್ತಿಯಾ ನೀನು? ನನ್ನ ಎದುರೇ ಸಾಯ್ತಿಯಾ?"

"ನನ್ನ ಆಣೆಯದ್ದು ಯಾರಿಗೆ ಬೇಕು ಮನೂ," ಎಂದ ಗುಣಪಾಲ. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. "ನನ್ನದು ನಾನು ಎಂದೋ ಮುರಿಯುತ್ತಿದ್ದೆ. ನಿನ್ನದು?"

ಅವಳ ಕೈ ಅಲ್ಲೇ ನಿಂತಿತು.

"ಮಗುವಿನ ತಲೆಗೆ ಕೈ ಇಟ್ಟು ಹೇಳಿದ್ದೀಯಲ್ಲ. 'ನನ್ನ ಕೈನೀರು ನಿನ್ನ ಗಂಟಲಿಗೆ ಇಳಿದ ದಿನ ಈ ಮಗು ನನಗಿಲ್ಲ' ಅಂತ. ನಾನು ಮರೆತಿದ್ದೇನೆ ಅಂತ ಮಾಡಿದ್ದೀಯಾ?" ಅವನು ಉಸಿರು ಎಳೆದುಕೊಂಡ. "ಬಿಡಿಸಲಿಕ್ಕೆ ಹೋದ್ರೆ ಅದನ್ನು ಇನ್ನೊಮ್ಮೆ ಬಾಯಿಬಿಟ್ಟು ಹೇಳಬೇಕು. ಮದುವೆ ಆಗುವ ಹುಡುಗಿಯ ಮೇಲೆ. ಅದಕ್ಕೇ ನಾನು ಬರಲಿಲ್ಲ. ಮದುವೆಗೆ ಬಂದ್ರೂ ನೀನು ನೀರು ಕೊಡದೆ ಇರ್ತಿಯಾ?"

ಮನೋರಮಾಳಿಗೆ ಆ ದಿನ ಇದ್ದಕ್ಕಿದ್ದಂತೆ ಕಣ್ಣಿಗೆ ಕಟ್ಟಿತು. ಎರಡು ಜಡೆಯ ತೃಪ್ತಿ ಏನೂ ಅರಿಯದೆ ಪಕ್ಕದಲ್ಲಿ ನಿಂತಿದ್ದದ್ದು, ಎಣ್ಣೆ ಹಚ್ಚಿದ ಆ ತಲೆಯ ಬಿಸಿ ಅಂಗೈಗೆ ತಾಗಿದ್ದು. ಇವನು ಸೊಕ್ಕಿನಿಂದ ದೂರ ನಿಂತಿದ್ದಾನೆಂದು ತಾನು ಊರೆಲ್ಲ ಹೇಳಿಕೊಂಡು ತಿರುಗಿದಳು. ಇವನೋ ತನ್ನ ಮಗಳನ್ನು ಕಾಯುತ್ತ ದೂರ ನಿಂತಿದ್ದ. ನಾಚಿಕೆಯಿಂದ ಅವಳ ಮೈಯೆಲ್ಲ ಉರಿಯಿತು.

ಗುಣಪಾಲನ ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತಿತ್ತು. ಕೈಯಲ್ಲಿ ಬಾಟಲಿ, ತೊಡೆಯ ಮೇಲೆ ಅಣ್ಣ, ಮಗಳು ನೀರಿನಲ್ಲಿ. ಬೇರೆ ದಿನವಾದರೂ ಆಗಬಾರದಿತ್ತೇ, ಮಗಳು ನೆಲದ ಮೇಲಿರುವ ದಿನ? ಅವಳು ನೀರಿನ ಕಡೆ ನೋಡಿದಳು. ಕೆಂಪು ಕೊಳವೆ ಬಂಡೆಯ ಹತ್ತಿರ ತೇಲುತ್ತಿತ್ತು. ದೈವವೇ, ಬಾಯಿ ನನ್ನದು, ತಪ್ಪು ನನ್ನದು, ಹಿಡಿಯುವುದಾದರೆ ನನ್ನನ್ನು ಹಿಡಿ ಎಂದು ಮನಸ್ಸಿನಲ್ಲೇ ಹೇಳಿಕೊಂಡು, ಅಣ್ಣನ ಗಲ್ಲ ಹಿಡಿದು ಬಾಯಿಗೆ ನೀರು ಬಿಟ್ಟಳು.

ತಲೆ ಎತ್ತಿದಾಗ ಕೆಂಪು ಕೊಳವೆ ಇರಲಿಲ್ಲ.

ನೀಲಿ ಇತ್ತು. ಕಪ್ಪು ಇತ್ತು. ಕೆಂಪು ಇರಲಿಲ್ಲ. ಮನೋರಮಾ ಎದ್ದು ನಿಲ್ಲಲು ಹೋದಳು, ಅಣ್ಣನ ತಲೆ ತೊಡೆಯ ಮೇಲಿತ್ತು, ಏಳಲಾಗಲಿಲ್ಲ. ಬಂಡೆಗೆ ತೆರೆ ಬಡಿದು ನೊರೆ ಇಳಿಯಿತು, ಮತ್ತೆ ಬಡಿಯಿತು, ಮತ್ತೆ ಇಳಿಯಿತು. ನಾನೇ ಕೊಂದೆ, ನಾನೇ ಕೊಂದೆ ಎಂದು ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಗುಣಪಾಲನ ಬೆರಳುಗಳು ಅವಳ ಮಣಿಕಟ್ಟನ್ನು ಹಿಡಿದವು. ಆ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ಬಳೆ ಚರ್ಮಕ್ಕೆ ಒತ್ತಿ ನೋಯಿತು.

ಆಮೇಲೆ ದೋಣಿಯ ಹಿಂಬದಿಯಲ್ಲಿ ನೀರು ಒಡೆಯಿತು. ತೃಪ್ತಿ ತಲೆ ಎತ್ತಿ, ಕೊಳವೆ ಉಗುಳಿ, ಕೆಮ್ಮಿ, ಕೂದಲು ಹಿಂದಕ್ಕೆ ತಳ್ಳಿದಳು. ಅವಳ ಕೈಯಲ್ಲಿ ಒಂದು ಚಿಪ್ಪು ಇತ್ತು.

"ಅಮ್ಮ, ದೋಣಿಯ ಅಡಿಯಿಂದಲೇ ಬಂದೆ ನೋಡು," ಎಂದಳು. ಮತ್ತೆ ಇಬ್ಬರ ಮುಖ ನೋಡಿ ಅವಳ ನಗೆ ಮಾಯವಾಯಿತು. "ಮಾವನಿಗೆ ಎಂತಾಯ್ತು?"

ಮನೋರಮಾ ಬಗ್ಗಿ ಅಣ್ಣನನ್ನು ನೋಡಿದಳು. ಅವನ ಕಣ್ಣು ತೆರೆದಿತ್ತು, ಅದು ತೃಪ್ತಿಯ ಮೇಲೇ ನೆಟ್ಟಿತ್ತು. ತುಟಿ ಬಿಗಿದು ಕೆನ್ನೆ ಎರಡೂ ಉಬ್ಬಿದ್ದವು. ಅವಳು ಬಿಟ್ಟ ನೀರು ಹನಿಯೂ ಕೆಳಗಿಳಿಯದೆ ಬಾಯೊಳಗೇ ಇತ್ತು.

"ಅವಳು ಬಂದಳು ಅಣ್ಣ," ಎಂದಳು ಮನೋರಮಾ. "ಇಲ್ಲೇ ಇದ್ದಾಳೆ. ನುಂಗು."

ತೃಪ್ತಿ ದೋಣಿಯ ಅಂಚಿಗೆ ಕೈ ಹಾಕಿ ಮೇಲೆ ಹತ್ತಿದಳು, ಎರಡೂ ಕಾಲನ್ನು ಒಳಗೆ ತಂದಳು, ಹಲಗೆಯ ಮೇಲೆ ಕುಳಿತಳು. ಗುಣಪಾಲ ಕೈ ನೀಡಿ ಅವಳ ಒದ್ದೆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ನೀರು ನುಂಗಿದ.